ತೊಟ್ಟಿಯ ಹವಳ ಸೊರಗಿದಾಗ

2024ರ ಏಪ್ರಿಲ್ 15ರಂದು ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾ ಒಂದು ಪ್ರಕಟಣೆ ಹೊರಡಿಸಿತು: ಜಗತ್ತಿನ ಹವಳದ ದಿಬ್ಬಗಳು ನಾಲ್ಕನೆಯ ಬಾರಿಗೆ ಸಾಮೂಹಿಕವಾಗಿ ಬಿಳಿಚಿಕೊಳ್ಳುತ್ತಿವೆ. ಮುಂದಿನ ತಿಂಗಳು ಲಕ್ಷದ್ವೀಪದಿಂದಲೂ ಅದೇ ಸುದ್ದಿ ಬಂತು. 2023ರ ಅಕ್ಟೋಬರ್‌ನಿಂದ ಬೀಡುಬಿಟ್ಟಿದ್ದ ಸಮುದ್ರದ ಬಿಸಿ ಅಲೆಯೇ ಇದಕ್ಕೆ ಕಾರಣವೆಂದು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳು ಹೇಳಿದರು. ನೋವಾ ಪ್ರಕಟಣೆ ಬಂದ ವಾರವೇ ಥಾಣೆ, ನವಿಮುಂಬಯಿಗಳಲ್ಲಿ ಪಾದರಸ 40 ಡಿಗ್ರಿ ದಾಟಿತ್ತು. ಅರಬ್ಬಿ ಸಮುದ್ರದ ಹವಳಕ್ಕೂ ಡೊಂಬಿವಲಿಯ ಫ್ಲ್ಯಾಟಿನ ಹಾಲ್‌ನಲ್ಲಿರುವ ಗಾಜಿನ ತೊಟ್ಟಿಯ ಹವಳಕ್ಕೂ ಬಿಸಿ ತಡೆಯುವ ಶಕ್ತಿಯಲ್ಲಿ ದೊಡ್ಡ ಅಂತರವಿಲ್ಲ. ಆದರೆ ಸಮುದ್ರ ಕಾಯಲು ವಾರಗಳು ಬೇಕು, ತೊಟ್ಟಿಗೆ ಒಂದು ಮಧ್ಯಾಹ್ನ ಸಾಕು.

ಮುಂಬಯಿಗೆ ಮೀನು ಸಾಕುವ ಹುಚ್ಚು ಹೊಸದಲ್ಲ. ಮರೀನ್ ಡ್ರೈವ್‌ನ ತಾರಾಪೋರ್‌ವಾಲಾ ಅಕ್ವೇರಿಯಂ 1951ರಲ್ಲಿ ಉದ್ಘಾಟನೆಯಾಯಿತು. ಕ್ರಾಫರ್ಡ್ ಮಾರ್ಕೆಟ್‌ನ ಮೀನಿನಂಗಡಿಗಳು ತಲೆಮಾರುಗಳಿಂದ ನಡೆದುಬಂದಿವೆ. ಉಪ್ಪುನೀರಿನ ತೊಟ್ಟಿ, ಅದರಲ್ಲೂ ಹವಳದ ತೊಟ್ಟಿ ಮಾತ್ರ ಈಚಿನದು. ಗೋಡ್‌ಬಂದರ್ ರಸ್ತೆಯ ಟವರುಗಳಿಂದ ಖಾರ್‌ಘರ್‌ವರೆಗೆ, ಡೊಂಬಿವಲಿ–ಕಲ್ಯಾಣ್‌ನ ಹಳೆಯ ಸೊಸೈಟಿಗಳಲ್ಲೂ ಅದನ್ನು ಇಟ್ಟವರಿದ್ದಾರೆ. ಮೊದಲ ಆರು ತಿಂಗಳು ಎಲ್ಲ ಚೆನ್ನಾಗಿರುತ್ತದೆ. ಆಮೇಲೊಂದು ದಿನ ಹವಳದ ಮೈಮೇಲಿನ ಹೂವಿನಂಥ ಪಾಲಿಪ್‌ಗಳು ಬಿಚ್ಚಿಕೊಳ್ಳುವುದಿಲ್ಲ, ಬಣ್ಣ ಮಾಸುತ್ತದೆ, ಬುಡದಲ್ಲಿ ಬಿಳಿ ಎಲುಬು ಇಣುಕುತ್ತದೆ. ಹವ್ಯಾಸಿ ಅಂಗಡಿಗೆ ಓಡುತ್ತಾನೆ, ಅಂಗಡಿಯವರು ಯಾವುದೋ ದ್ರಾವಣದ ಒಂದು ಬಾಟಲಿ ಕೊಡುತ್ತಾರೆ. ವಾರದಲ್ಲಿ ಇನ್ನೊಂದು ಬಾಟಲಿ ಬರುತ್ತದೆ.

ಹೀಗೆ ಸೊರಗಿದ ಹವಳಗಳಲ್ಲಿ ನಿಜವಾದ ರೋಗಕ್ಕೆ ಬಲಿಯಾಗುವವು ಕಡಿಮೆ. ಹೆಚ್ಚಿನವು ತೊಟ್ಟಿಯ ಏರುಪೇರಿಗೆ ಸೋತಿರುತ್ತವೆ, ಮತ್ತು ಥಾಣೆ–ನವಿಮುಂಬಯಿ–ಕಲ್ಯಾಣ್‌ನ ಈ ಪ್ರದೇಶದಲ್ಲಿ ಆ ಏರುಪೇರಿಗೆ ಸ್ಥಳೀಯ ಕಾರಣಗಳು ಬೇಕಾದಷ್ಟಿವೆ.

ಬಿಳುಪು ಒಂದೇ ಬಗೆಯದಲ್ಲ

ಹವಳ ಒಂದು ಪ್ರಾಣಿ. ಅದರ ಅಂಗಾಂಶದೊಳಗೆ ಜೂಜಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ಬಾಡಿಗೆಗಿದೆ. ಬೆಳಕಿನಿಂದ ಪಾಚಿ ತಯಾರಿಸುವ ಸಕ್ಕರೆಯೇ ಹವಳದ ಮುಖ್ಯ ಆಹಾರ. ಅನೇಕ ಜಾತಿಗಳಲ್ಲಿ ಶಕ್ತಿಯ ಶೇ 90ರವರೆಗೆ ಅಲ್ಲಿಂದಲೇ ಬರುತ್ತದೆ. ಬಿಸಿ ಏರಿದಾಗ, ಬೆಳಕು ಅತಿಯಾದಾಗ ಹವಳ ಆ ಪಾಚಿಯನ್ನು ಹೊರಹಾಕುತ್ತದೆ. ಆಗ ಕಾಣುವುದೇ ಬಿಳಿಚುವಿಕೆ. ಅಂಗಾಂಶ ಇನ್ನೂ ಇರುತ್ತದೆ, ಪಾರದರ್ಶಕವಾಗಿರುತ್ತದೆ ಅಷ್ಟೇ. ಟಾರ್ಚ್ ಹಿಡಿದು ಹತ್ತಿರದಿಂದ ನೋಡಿದರೆ ಪಾಲಿಪ್‌ಗಳು ಅಲುಗುವುದು ಕಾಣುತ್ತದೆ. ಇಂಥ ಹವಳ ಬದುಕಬಲ್ಲದು.

ಅಂಗಾಂಶವೇ ಕಳಚಿಹೋಗುವುದು ಬೇರೆ ಬಗೆ. ಬುಡದಿಂದ ಮೇಲಕ್ಕೆ ದಿನಕ್ಕೆ ಒಂದಿಷ್ಟು ಸುಲಿದುಕೊಂಡು ಹೋದರೆ ಅದು ನಿಧಾನದ ನಾಶ. ಕವಲು ಕವಲಾಗಿ ಬೆಳೆಯುವ ಅಕ್ರೋಪೊರಾದಂಥ ಹವಳ ಒಂದೇ ರಾತ್ರಿಯಲ್ಲಿ ಚರ್ಮ ಕಳಚಿ ಬೋಳಾದರೆ ಅದು ವೇಗದ ನಾಶ. ಹ್ಯಾಮರ್, ಟಾರ್ಚ್ ಎಂಬ ಹವಳಗಳ ಮೇಲೆ ಕಂದು ಲೋಳೆ ಕೂತರೆ ಸೋಂಕು. ಬಿಳಿಯಾಗುವ ಬದಲು ಹವಳ ಕಂದಾಗಿದ್ದರೆ ಒಳಗಿನ ಪಾಚಿ ಅತಿಯಾಗಿದೆ ಎಂದರ್ಥ; ನೀರಿನಲ್ಲಿ ಪೋಷಕಾಂಶ ಹೆಚ್ಚಿರಬೇಕು, ಇಲ್ಲವೇ ಬೆಳಕು ಸಾಲದು. ಕವಲಿನ ತುದಿ ಮಾತ್ರ ಸುಟ್ಟಂತಾಗಿದ್ದರೆ ನೀರಿನ ಆಲ್ಕಲಿನಿಟಿ (ಕ್ಷಾರೀಯತೆ) ಹೆಚ್ಚಿ ಪೋಷಕಾಂಶ ಬರಿದಾಗಿರುವ ಸಂಭವವೇ ಜಾಸ್ತಿ.

ಎಷ್ಟು ಹವಳಗಳಿಗೆ ತೊಂದರೆ ಎಂಬುದೂ ಮುಖ್ಯ. ಒಂದೇ ಹವಳ ಬಾಡಿ ಉಳಿದವು ಚೆನ್ನಾಗಿದ್ದರೆ ಜಾಗ, ಬೆಳಕು, ಕೀಟ ಅಥವಾ ಪಕ್ಕದ ಹವಳದ ಕುಟುಕನ್ನು ಸಂಶಯಿಸಬೇಕು. ಎಲ್ಲವೂ ಒಟ್ಟಿಗೆ ಮುದುಡಿದರೆ ನೀರನ್ನು.

ಏಪ್ರಿಲ್‌ನ ಬಿಸಿ, ಮೇ ತಿಂಗಳ ಬೆವರು

ತೊಟ್ಟಿಗೆ 25ರಿಂದ 27 ಡಿಗ್ರಿ ಹಿತ. 29 ದಾಟಿ ದಿನಗಟ್ಟಲೆ ನಿಂತರೆ ಅಪಾಯ. ಮಾರ್ಚ್ ಬಂದೊಡನೆ ಹೆಚ್ಚಿನವರು ತೊಟ್ಟಿಯ ಮೇಲೊಂದು ಸಣ್ಣ ಫ್ಯಾನ್ ಕೂರಿಸುತ್ತಾರೆ. ನೀರು ಆವಿಯಾಗುವಾಗ ಬಿಸಿಯನ್ನು ಹೊತ್ತೊಯ್ಯುತ್ತದೆ. ಎರಡು ಮೂರು ಡಿಗ್ರಿ ಇಳಿಯುತ್ತದೆ. ಪೂರ್ವದಿಂದ ಒಣಗಾಳಿ ಬೀಸುವ ಮಾರ್ಚ್–ಏಪ್ರಿಲ್‌ನಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಮೇ ಮಧ್ಯದಲ್ಲಿ ಸಮುದ್ರದ ತೇವ ತುಂಬಿಕೊಂಡ ಮೇಲೆ ಅದೇ ಫ್ಯಾನ್ ಕೈಕೊಡುತ್ತದೆ. ಫ್ಯಾನ್ ಕೆಟ್ಟಿರುವುದಿಲ್ಲ, ಗಾಳಿಯೇ ಒದ್ದೆಯಾಗಿದ್ದಾಗ ಅದು ಇನ್ನಷ್ಟು ಆವಿ ಹೀರುವುದಿಲ್ಲ. ಮೈಯ ಬೆವರು ಆರದ ದಿನ ತೊಟ್ಟಿಯೂ ತಂಪಾಗದು.

ಅದಕ್ಕೇ ಚಿಲ್ಲರ್ ಬೇಕಾಗುತ್ತದೆ. ಅಲ್ಲೂ ಒಂದು ತಪ್ಪು ಸಾಮಾನ್ಯ. ಚಿಲ್ಲರನ್ನು ತೊಟ್ಟಿಯ ಕೆಳಗಿನ ಕಪಾಟಿನಲ್ಲೇ ಮುಚ್ಚಿಟ್ಟರೆ ಅದು ನೀರಿನಿಂದ ತೆಗೆದ ಬಿಸಿಯನ್ನು ಅದೇ ಕಪಾಟಿಗೆ ಉಗುಳಿ, ಮತ್ತೆ ಅದನ್ನೇ ತೆಗೆಯಲು ಹೆಣಗುತ್ತದೆ. ಬಾಲ್ಕನಿಗೆ ಪೈಪು ಎಳೆಯುವುದು ಒಳ್ಳೆಯದು. ಆಗದಿದ್ದರೆ ಕಪಾಟಿನ ಹಿಂಬದಿ ತೆರೆದಿರಲಿ. ಚಿಲ್ಲರ್ ಇಲ್ಲದವರು ತುರ್ತಿಗೆ ಭದ್ರವಾಗಿ ಮುಚ್ಚಿದ ಬಾಟಲಿಗಳಲ್ಲಿ ನೀರು ಹೆಪ್ಪುಗಟ್ಟಿಸಿ ತೇಲಿಬಿಡಬಹುದು, ದೀಪದ ಅವಧಿ ಕಡಿತಗೊಳಿಸಬಹುದು. ಒಮ್ಮೆಲೇ ಐದು ಡಿಗ್ರಿ ಇಳಿಸಿದರೆ ಅದೇ ಇನ್ನೊಂದು ಆಘಾತವಾದೀತು.

ಬಿಸಿಯ ಜೊತೆ ಆಮ್ಲಜನಕದ ಲೆಕ್ಕವೂ ಇದೆ. ಉಪ್ಪುನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಅದು 6.2ಕ್ಕೆ ಇಳಿಯುತ್ತದೆ. ಬಿಸಿಗೆ ಜೀವಿಗಳ ಉಸಿರಾಟವೂ ಏರುವುದರಿಂದ ಕೊರತೆ ಇಮ್ಮಡಿಯಾಗುತ್ತದೆ. ಇಂಥ ಹೊತ್ತಿನಲ್ಲಿ ಕರೆಂಟು ಹೋದರೆ ಏನಾಗುತ್ತದೆಂದು 2020ರ ಅಕ್ಟೋಬರ್ 12 ತೋರಿಸಿತು. ಅಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಕಳವಾ–ಪಡಘಾ ವಿದ್ಯುತ್ ಮಾರ್ಗಗಳ ತೊಂದರೆಯಿಂದ ಮುಂಬಯಿ, ಥಾಣೆ, ನವಿಮುಂಬಯಿ ಕತ್ತಲಾದವು, ಲೋಕಲ್ ರೈಲುಗಳು ನಿಂತವು. ಅಕ್ಟೋಬರ್ ಇಲ್ಲಿ ಎರಡನೆಯ ಬೇಸಿಗೆ. ನೀರು ತಿರುಗಿಸುವ ಪಂಪು ನಿಂತ ತೊಟ್ಟಿಯಲ್ಲಿ ಗಂಟೆಗಳಲ್ಲೇ ಮೀನು ಮೇಲಕ್ಕೆ ಬಂದು ಬಾಯಿ ಬಡಿಯತೊಡಗುತ್ತವೆ. ಇಡೀ ವ್ಯವಸ್ಥೆಯನ್ನು ಇನ್ವರ್ಟರ್ ಮೇಲೆ ಓಡಿಸಬೇಕಾಗಿಲ್ಲ. ಬ್ಯಾಟರಿಯ ಒಂದು ಏರ್ ಪಂಪು ಅಥವಾ ಒಂದು ವೇವ್‌ಮೇಕರ್ ತಿರುಗುತ್ತಿದ್ದರೆ ಸಾಕು.

ನಲ್ಲಿಯಿಂದ ಖಾಡಿಯವರೆಗೆ

ನವಿಮುಂಬಯಿಗೆ ಮೋರ್ಬೆ ಅಣೆಕಟ್ಟಿನ ನೀರು, ಕಲ್ಯಾಣ್–ಡೊಂಬಿವಲಿಗೆ ಉಲ್ಹಾಸ್ ನದಿಯದು, ಎಂಐಡಿಸಿ ಪ್ರದೇಶಗಳಿಗೆ ಬಾರ್ವಿಯದು. ಮಳೆಯಿಂದ ತುಂಬುವ ಜಲಮೂಲಗಳಾದ್ದರಿಂದ ಈ ನೀರು ಸಾಮಾನ್ಯವಾಗಿ ಗಡಸಲ್ಲ. ಹಾಗಾಗಿ ನಲ್ಲಿನೀರನ್ನೇ ಕ್ಲೋರಿನ್ ತೆಗೆದು ಹಾಕಿದರೆ ಸಾಕೆಂಬ ಭ್ರಮೆಯೂ ಇದೆ. ಟಿಡಿಎಸ್ ಮೀಟರ್ ಎಷ್ಟು ಕರಗಿದೆ ಎಂದು ಹೇಳುತ್ತದೆ, ಏನು ಕರಗಿದೆ ಎಂದು ಹೇಳುವುದಿಲ್ಲ. ಫಾಸ್ಫೇಟ್, ಸಿಲಿಕೇಟ್, ಪೈಪಿನ ತಾಮ್ರ ಇವೆಲ್ಲ ಅಲ್ಪ ಪ್ರಮಾಣದಲ್ಲೇ ತೊಂದರೆ ಕೊಡುತ್ತವೆ. ಬೇಸಿಗೆಯಲ್ಲಿ ಸೊಸೈಟಿಗೆ ಟ್ಯಾಂಕರ್ ಬಂದರೆ ಬೋರ್‌ವೆಲ್ ನೀರು ಬೆರೆತು, ನಿನ್ನೆಯ ನೀರೂ ಇಂದಿನ ನೀರೂ ಒಂದೇ ಆಗಿ ಉಳಿಯುವುದಿಲ್ಲ.

ಅಡುಗೆಮನೆಯ ಆರ್‌ಒ ಯಂತ್ರದ ನೀರು ಇದಕ್ಕೆ ಪರಿಹಾರವಲ್ಲ. ಕುಡಿಯಲು ರುಚಿಯಾಗಲೆಂದು ಹೆಚ್ಚಿನ ಯಂತ್ರಗಳಲ್ಲಿ ಸ್ವಲ್ಪ ಮೂಲ ನೀರನ್ನೋ ಖನಿಜವನ್ನೋ ಮತ್ತೆ ಬೆರೆಸುವ ವ್ಯವಸ್ಥೆ ಇರುತ್ತದೆ. ತೊಟ್ಟಿಗೆ ಆರ್‌ಒ ನಂತರ ಅಯಾನುಗಳನ್ನು ತೆಗೆಯುವ ಡಿಐ ರಾಳದ ಮೂಲಕ ಹಾದು, ಮೀಟರಿನಲ್ಲಿ ಸೊನ್ನೆ ತೋರಿಸುವ ನೀರು ಬೇಕು. ರಾಳ ಸವೆದಾಗ ಅದು ಹಿಡಿದಿಟ್ಟಿದ್ದ ಸಿಲಿಕೇಟನ್ನೇ ಮೊದಲು ಬಿಟ್ಟುಕೊಡುತ್ತದೆ. ಮರಳಿನ ಮೇಲೆ ಕಂದು ಧೂಳಿನಂಥ ಪಾಚಿ ಇದ್ದಕ್ಕಿದ್ದಂತೆ ಹರಡಿದರೆ ರಾಳವನ್ನು ನೋಡಬೇಕು.

ಇನ್ನು ಕೆಲವರು ಸಮುದ್ರ ಪಕ್ಕದಲ್ಲೇ ಇದೆಯಲ್ಲ ಎಂದು ಕ್ಯಾನ್ ಹಿಡಿದು ಹೊರಡುವುದುಂಟು. ಥಾಣೆ ಖಾಡಿ ಫ್ಲೆಮಿಂಗೋಗಳಿಗೆ ಒಳ್ಳೆಯ ನೆಲೆ. 2022ರಲ್ಲಿ ಅದಕ್ಕೆ ರಾಮ್ಸರ್ ಮಾನ್ಯತೆಯೂ ಸಿಕ್ಕಿತು. ಆದರೆ ಫ್ಲೆಮಿಂಗೋ ಮೇಯುವ ಕೆಸರೇ ಹೇಳುವಂತೆ ಅದು ಪೋಷಕಾಂಶ ತುಂಬಿದ ನೀರು, ಮಳೆಗಾಲದಲ್ಲಿ ಅದರ ಉಪ್ಪಿನಂಶ ತೀರಾ ಕುಸಿಯುತ್ತದೆ. ಹವಳದ ತೊಟ್ಟಿಗೆ ಅದು ಬಾರದು.

ಕಣ್ಣಿಗೆ ಕಾಣದ ಎರಡು ಲೆಕ್ಕ

200 ಲೀಟರಿನ ತೊಟ್ಟಿಯಿಂದ ಏಪ್ರಿಲ್‌ನಲ್ಲಿ, ಫ್ಯಾನ್ ಓಡುತ್ತಿದ್ದರೆ, ದಿನಕ್ಕೆ ಮೂರು ಲೀಟರ್ ಆವಿಯಾಗುತ್ತದೆ ಎಂದಿಟ್ಟುಕೊಳ್ಳೋಣ. ಆವಿಯಾಗುವುದು ನೀರು ಮಾತ್ರ. ಉಪ್ಪು ಅಲ್ಲೇ ಉಳಿಯುತ್ತದೆ. ನಾಲ್ಕು ದಿನ ಯಾರೂ ಸಿಹಿನೀರು ತುಂಬದಿದ್ದರೆ ಸಾವಿರಕ್ಕೆ 35 ಭಾಗವಿದ್ದ ಉಪ್ಪು 37 ದಾಟುತ್ತದೆ. ಐದನೆಯ ದಿನ ಮನೆಯವರು ಬಂದು ಗಾಬರಿಯಲ್ಲಿ ಒಮ್ಮೆಲೇ ಹನ್ನೆರಡು ಲೀಟರ್ ಸುರಿದರೆ ಅದು ಎರಡನೆಯ ಪೆಟ್ಟು.

ಉಪ್ಪಿನ ಅಳತೆಯನ್ನು ಹಿಡಿಯುವ ರಿಫ್ರ್ಯಾಕ್ಟೋಮೀಟರೇ ಸುಳ್ಳು ಹೇಳಬಹುದು. ಅಗ್ಗದ ಉಪಕರಣವನ್ನು ಶುದ್ಧ ನೀರಿನ ಹನಿಯಿಂದ ಸೊನ್ನೆಗೆ ಹೊಂದಿಸಿದರೂ 35ರ ಬಳಿ ತಪ್ಪು ತೋರಿಸುವುದು ಸಾಮಾನ್ಯ. 35ರ ಪ್ರಮಾಣದ ದ್ರಾವಣವನ್ನೇ ಒಂದೆರಡು ಹನಿ ಗಾಜಿನ ಮೇಲಿಟ್ಟು, ಗುಳ್ಳೆ ಬಾರದಂತೆ ಮುಚ್ಚಳ ಇಳಿಸಿ, ಅರ್ಧ ನಿಮಿಷ ಬಿಟ್ಟು, ನೀಲಿ–ಬಿಳಿ ಗೆರೆ 35ರ ಮೇಲೆ ಕೂರುವಂತೆ ತಿರುಪನ್ನು ತಿರುಗಿಸಬೇಕು. ತಿಂಗಳುಗಟ್ಟಲೆ ಕಾಡಿದ ಸೊರಗು ಎಷ್ಟೋ ಸಲ ಇಷ್ಟರಲ್ಲೇ ಬಯಲಾಗುತ್ತದೆ.

ಎರಡನೆಯದು ಆಲ್ಕಲಿನಿಟಿಯ ಲೆಕ್ಕ. ಕಲ್ಲುಹವಳ ತನ್ನ ಎಲುಬು ಕಟ್ಟಲು ನೀರಿನಿಂದ ಕ್ಯಾಲ್ಸಿಯಂ, ಕಾರ್ಬೊನೇಟ್ ಎಳೆದುಕೊಳ್ಳುತ್ತದೆ. ಕ್ಯಾಲ್ಸಿಯಂನ ದಾಸ್ತಾನು ದೊಡ್ಡದು, 400ರಿಂದ 450 ಪಿಪಿಎಂ, ಬೇಗ ಕರಗದು. ಆಲ್ಕಲಿನಿಟಿಯ ದಾಸ್ತಾನು ಸಣ್ಣದು. 8–9 ಡಿಕೆಎಚ್ (ಆಲ್ಕಲಿನಿಟಿಯ ಮಾಪನ) ಇರುವ ತೊಟ್ಟಿಯಲ್ಲಿ ಬೆಳೆಯುವ ಹವಳಗಳು ದಿನಕ್ಕೆ 0.8 ಖರ್ಚು ಮಾಡಿದರೆ ಐದೇ ದಿನದಲ್ಲಿ ನಾಲ್ಕು ಡಿಕೆಎಚ್ ಕುಸಿಯುತ್ತದೆ. ಹವಳ ಕ್ಯಾಲ್ಸಿಯಂ ಏರುಪೇರನ್ನು ಸಹಿಸುತ್ತದೆ, ಆಲ್ಕಲಿನಿಟಿಯದನ್ನು ಸಹಿಸುವುದು ಕಷ್ಟ. ಹಾಗೆಂದು ಕುಸಿದದ್ದನ್ನು ಒಂದೇ ರಾತ್ರಿ ಎತ್ತಬಾರದು; ದಿನಕ್ಕೆ ಒಂದು ಡಿಕೆಎಚ್ ಮೀರದಿರಲಿ. 200 ಲೀಟರಿಗೆ ಒಂದು ಡಿಕೆಎಚ್ ಏರಿಸಲು ಸುಮಾರು 6 ಗ್ರಾಂ ಅಡುಗೆ ಸೋಡಾ ಸಾಕು, ಡಿಐ ನೀರಿನಲ್ಲಿ ಕರಗಿಸಿ ನಿಧಾನವಾಗಿ ಬಿಡಬೇಕು. ಅಮೆರಿಕದ ರಸಾಯನಶಾಸ್ತ್ರಜ್ಞ ರ‍್ಯಾಂಡಿ ಹೋಮ್ಸ್-ಫಾರ್ಲಿ ಇಂಥ ಸರಳ ಪಾಕಗಳನ್ನು ಹವ್ಯಾಸಿಗಳಿಗಾಗಿ ವರ್ಷಗಳ ಹಿಂದೆಯೇ ಬಿಡಿಸಿ ಬರೆದರು. ದುಬಾರಿ ಬಾಟಲಿಗಳೊಳಗೂ ಹೆಚ್ಚುಕಡಿಮೆ ಇದೇ ಇರುತ್ತದೆ.

ಅತಿ ಸ್ವಚ್ಛವೂ ಕೇಡು

ನೈಟ್ರೇಟ್, ಫಾಸ್ಫೇಟ್ ಸೊನ್ನೆ ಇರಬೇಕೆಂಬುದು ಹಳೆಯ ಪಾಠ. ಅದು ಈಗ ಬದಲಾಗಿದೆ. 2013ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಯೋರ್ಗ್ ವೀಡೆನ್‌ಮನ್ ತಂಡ ಪ್ರಕಟಿಸಿದ ಅಧ್ಯಯನ, ನೈಟ್ರೋಜನ್ ಹೇರಳವಾಗಿದ್ದು ಫಾಸ್ಫೇಟ್ ಬರಿದಾದಾಗ ಹವಳ ಬಿಸಿಗೂ ಬೆಳಕಿಗೂ ಬೇಗ ಬಿಳಿಚುತ್ತದೆ ಎಂದು ತೋರಿಸಿತು. ಮನೆಯ ತೊಟ್ಟಿಯಲ್ಲಿ ಫಾಸ್ಫೇಟ್ ಹೀರುವ ಕಬ್ಬಿಣದ ಕಾಳನ್ನು ಅತಿಯಾಗಿ ಬಳಸಿದರೆ ಇದೇ ಸ್ಥಿತಿ ಬರುತ್ತದೆ. ಎರಡೂ ಸೊನ್ನೆಗೆ ಇಳಿದ ತೊಟ್ಟಿಯಲ್ಲಿ ಡೈನೊಫ್ಲ್ಯಾಜೆಲೇಟ್ ಎಂಬ ಕಂದು, ಗುಳ್ಳೆಗುಳ್ಳೆ ಲೋಳೆ ಹವಳಗಳ ಮೇಲೆ ಹಬ್ಬುವುದೂ ಉಂಟು. ನೈಟ್ರೇಟ್ 2ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ನಡುವೆ ನಿಂತರೆ ಸಾಕು.

ಬೆಳಕಿನ ವಿಷಯದಲ್ಲಿ ತಪ್ಪು ನಡೆಯುವುದು ಹೊಸ ಎಲ್‌ಇಡಿ ಬಂದ ವಾರ. ಹಳೆಯ ದೀಪಕ್ಕೆ ಒಗ್ಗಿದ ಹವಳವನ್ನು ಹೊಸದರ ಪೂರ್ಣ ಪ್ರಖರತೆಗೆ ಒಡ್ಡಿದರೆ ಅದು ಬಿಸಿಯಿಲ್ಲದೆಯೂ ಬಿಳಿಚುತ್ತದೆ. ಅರ್ಧದಿಂದ ಆರಂಭಿಸಿ ಮೂರು ನಾಲ್ಕು ವಾರಗಳಲ್ಲಿ ಏರಿಸುವುದು ರೂಢಿ.

ಮನೆಯೊಳಗಿನ ಗಾಳಿ, ಹೊರಗಿನ ಹೊಗೆ

ಎಸಿ ಹಾಕಿ ಕಿಟಕಿ ಮುಚ್ಚಿದ ಫ್ಲ್ಯಾಟಿನಲ್ಲಿ ಮನೆಮಂದಿಯ ಉಸಿರಿನ ಇಂಗಾಲದ ಡೈಆಕ್ಸೈಡ್ ಶೇಖರವಾಗಿ ನೀರಿನ ಪಿಎಚ್ ಇಳಿಯುತ್ತದೆ. ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್‌ನ ಗಾಳಿ ಎಳೆಯುವ ಕೊಳವೆಯನ್ನು ಕಿಟಕಿಯ ಹೊರಗೆ ಬಿಟ್ಟರೆ ಪಿಎಚ್ ಮೇಲೇರುತ್ತದೆ. ಆದರೆ ಇಲ್ಲಿ ಹೊರಗಿನ ಗಾಳಿಯನ್ನು ಕುರುಡಾಗಿ ನಂಬುವಂತಿಲ್ಲ. ಮಳೆಗಾಲದಲ್ಲಿ ಸೊಸೈಟಿಯ ಅಂಗಳಕ್ಕೆ ಸೊಳ್ಳೆಯ ಹೊಗೆಯಂತ್ರ ಬರುತ್ತದೆ. ಅದರಲ್ಲಿ, ಮನೆಯೊಳಗಿನ ಸೊಳ್ಳೆ ನಿವಾರಕಗಳಲ್ಲಿ ಸಾಮಾನ್ಯವಾಗಿ ಬಳಸುವ ಪೈರೆಥ್ರಾಯ್ಡ್ ರಾಸಾಯನಿಕಗಳು ಮೀನಿಗೂ, ಸಿಗಡಿ–ಏಡಿಗಳಿಗೂ ಅತಿ ವಿಷಕಾರಿ. ಹೊಗೆ ಬಿಡುವ ಸಂಜೆ ಕಿಟಕಿ ಮುಚ್ಚಿ, ಕೊಳವೆಯನ್ನು ಒಳಗೆ ತಿರುಗಿಸಿ, ಕೆಲವು ಗಂಟೆ ಸ್ಕಿಮ್ಮರ್ ನಿಲ್ಲಿಸಿ ಆಕ್ಟಿವೇಟೆಡ್ ಕಾರ್ಬನ್ ಹಾಕುವುದು ಒಳ್ಳೆಯದು. ತೊಟ್ಟಿಯ ಸಿಗಡಿಗಳು ಮೊದಲು ಸತ್ತು, ಹವಳ ಆಮೇಲೆ ಮುದುಡಿದರೆ ಸಂಶಯ ವಿಷದ ಕಡೆಗೆ ಹೋಗಬೇಕು. ಮೀನಿನ ರೋಗಕ್ಕೆ ಕೊಡುವ ತಾಮ್ರದ ಔಷಧಿಯೂ ಇದೇ ಸಾಲಿನದು. ಹವಳವಿರುವ ತೊಟ್ಟಿಗೆ ಅದು ಬರಲೇಬಾರದು.

ಕೀಟಗಳ ಪಟ್ಟಿ ಉದ್ದವಿದೆ: ಅಕ್ರೋಪೊರಾ ತಿನ್ನುವ ಚಪ್ಪಟೆಹುಳು, ಮಾಂಟಿಪೊರಾ ತಿನ್ನುವ ಬಿಳಿ ನುಡಿಬ್ರಾಂಕ್, ಎಲ್ಲೆಡೆ ಹಬ್ಬುವ ಐಪ್ಟೇಸಿಯಾ ಎಂಬ ಅನಿಮೋನ್. ಇವೆಲ್ಲ ಹೊಸ ಹವಳದ ಜೊತೆ ಒಳಬರುತ್ತವೆ. ತಂದ ದಿನವೇ ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮೊಟ್ಟೆಗಳು ದ್ರಾವಣಕ್ಕೆ ಸಾಯದ ಕಾರಣ ಕೆಲವು ವಾರ ಪ್ರತ್ಯೇಕ ತೊಟ್ಟಿಯಲ್ಲಿಟ್ಟರೆ ಮುಗಿಯಿತು. ಒಂದು ಎಚ್ಚರಿಕೆ ಮನುಷ್ಯರಿಗೆ: ಜೋವಾ ಎಂದು ಕರೆಯುವ ಹವಳಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಭೀಕರ ವಿಷವಿದೆ. ಅವು ಅಂಟಿದ ಕಲ್ಲನ್ನು ಸ್ವಚ್ಛ ಮಾಡಲೆಂದು ಕುದಿಯುವ ನೀರು ಸುರಿದರೆ ಆವಿಯೊಂದಿಗೆ ವಿಷ ಮನೆಮಂದಿಯ ಶ್ವಾಸಕೋಶಕ್ಕೆ ಹೋಗುತ್ತದೆ. ವಿದೇಶಗಳಲ್ಲಿ ಇಡೀ ಕುಟುಂಬಗಳೇ ಹೀಗೆ ಆಸ್ಪತ್ರೆ ಸೇರಿದ ಪ್ರಕರಣಗಳಿವೆ.

ಮತ್ಸ್ಯಗಂಧ ಹತ್ತುವ ಮುನ್ನ

ಈ ಪ್ರದೇಶದ ಕನ್ನಡ, ತುಳು, ಕೊಂಕಣಿ ಮನೆಗಳಿಗೆ ಮೇ ಎಂದರೆ ಊರು. ಥಾಣೆಯಲ್ಲೋ ಪನ್ವೇಲ್‌ನಲ್ಲೋ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿ ಉಡುಪಿ, ಮಂಗಳೂರಿಗೆ ಹೊರಟರೆ ಹಿಂತಿರುಗುವುದು ಎರಡು ಮೂರು ವಾರಕ್ಕೆ. ಬಿಸಿ ಗರಿಷ್ಠ, ಫ್ಯಾನ್ ಕೈಕೊಡುವ ಹೊತ್ತು, ಮನೆ ಖಾಲಿ: ಮೇಲೆ ಹೇಳಿದ ಹಲವು ಅಪಾಯಗಳು ಒಂದೇ ತಿಂಗಳಲ್ಲಿ ಕೂಡುತ್ತವೆ. ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಆಹಾರದ ಡಬ್ಬಿ ತೋರಿಸಿ ಹೋದರೆ ಅವರು ಪ್ರೀತಿಯಿಂದ ಮೂರು ಪಟ್ಟು ಹಾಕುತ್ತಾರೆ. ದಿನಕ್ಕೊಂದರಂತೆ ಪೊಟ್ಟಣ ಕಟ್ಟಿ ಡಬ್ಬಿಯನ್ನು ಬಚ್ಚಿಡುವುದು ಲೇಸು. ತಾನಾಗಿ ಸಿಹಿನೀರು ತುಂಬುವ ಟಾಪ್‌ಅಪ್ ವ್ಯವಸ್ಥೆ, ಫೋನಿಗೆ ಉಷ್ಣಾಂಶ ತಿಳಿಸುವ ಮೀಟರು, ಆಲ್ಕಲಿನಿಟಿ ಹನಿಸುವ ಡೋಸರ್ ಇವನ್ನು ಹೊರಡುವ ಹಿಂದಿನ ದಿನ ಕೂರಿಸಬಾರದು. ಎರಡು ವಾರ ಮೊದಲೇ ಓಡಿಸಿ ನೋಡಬೇಕು. ಸಿಕ್ಕಿಕೊಂಡ ಫ್ಲೋಟ್ ಸ್ವಿಚ್ ಒಂದು ಡ್ರಮ್ ಸಿಹಿನೀರನ್ನು ಪೂರ್ತಿ ತೊಟ್ಟಿಗೆ ಸುರಿದುಬಿಡಬಲ್ಲದು.

ಊರಿನಿಂದ ಬಂದಾಗ ಹವಳ ಸೊರಗಿದ್ದರೆ ನೋಡುವ ಕ್ರಮ ಇದು. ಮೊದಲು ಉಷ್ಣಾಂಶ, ಉಪ್ಪು, ಆಲ್ಕಲಿನಿಟಿ; ಈ ಮೂರೂ ಹತ್ತು ನಿಮಿಷದ ಕೆಲಸ. ಇವು ಸರಿಯಿದ್ದರೆ ನೈಟ್ರೇಟ್, ಫಾಸ್ಫೇಟ್. ಪರೀಕ್ಷಾ ಕಿಟ್ಟಿನ ಅವಧಿ ಮುಗಿದಿದೆಯೇ ನೋಡಬೇಕು. ಇಲ್ಲಿನ ತೇವಕ್ಕೆ ಪುಡಿಗಳು ಗಂಟುಕಟ್ಟುತ್ತವೆ. ಆಮೇಲೆ ಕಳೆದ ತಿಂಗಳು ಏನು ಬದಲಾಯಿತು ಎಂಬ ಪಟ್ಟಿ: ಹೊಸ ದೀಪ, ಹೊಸ ಉಪ್ಪಿನ ಚೀಲ, ಹೊಸ ಹವಳ, ಟ್ಯಾಂಕರ್ ನೀರು. ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ ವಾರ ಕಾಯಬೇಕು. ಶೇ 10ರಿಂದ 15ರಷ್ಟು ನೀರು ಬದಲಾವಣೆ, ಹೊಸ ಕಾರ್ಬನ್ ಯಾವಾಗಲೂ ಸುರಕ್ಷಿತ. ಬಾಟಲಿಯ ಸರದಿ ಕೊನೆಗೆ.

ಕಾನೂನು ಮತ್ತು ತುಂಡು

ಅಂಗಾಂಶ ಕಳಚುತ್ತಲೇ ಹೋದರೆ ಉಳಿಯುವ ದಾರಿ ಕತ್ತರಿಸುವುದು. ಆರೋಗ್ಯವಾಗಿರುವ ಭಾಗವನ್ನು ಕೊಳೆತದ್ದಕ್ಕಿಂತ ಒಂದಂಗುಲ ಮೇಲೆ ತುಂಡರಿಸಿ, ಸೂಪರ್ ಗ್ಲೂ ಜೆಲ್‌ನಿಂದ ಬೇರೆ ಕಲ್ಲಿಗೆ ಅಂಟಿಸಿದರೆ ಅದು ಹೊಸ ಹವಳವಾಗಿ ಬೆಳೆಯುತ್ತದೆ. ಬರ್ಲಿನ್‌ನ ಹವ್ಯಾಸಿ ಡೀಟ್ರಿಚ್ ಸ್ಟ್ಯೂಬರ್ 1980ರ ದಶಕದಲ್ಲಿ ತನ್ನ ತೊಟ್ಟಿಯ ಅಕ್ರೋಪೊರಾವನ್ನು ಹೀಗೆಯೇ ಮುರಿದು ಮುರಿದು ಹಂಚಿದ. ಅದರ ಸಂತತಿ ಯುರೋಪಿನಾದ್ಯಂತ ಹಬ್ಬಿತು. ಒಬ್ಬರ ತೊಟ್ಟಿ ಕುಸಿದರೂ ಇನ್ನೊಬ್ಬರಲ್ಲಿ ಅದೇ ಹವಳ ಉಳಿದಿರುತ್ತದೆ.

ಭಾರತದಲ್ಲಿ ಇದನ್ನು ಹಾಗೆಯೇ ಅನುಸರಿಸುವಂತಿಲ್ಲ. 2001ರಲ್ಲಿ ಎಲ್ಲ ಕಲ್ಲುಹವಳ, ಕಪ್ಪುಹವಳ, ಬೆಂಕಿಹವಳ, ಆರ್ಗನ್ ಪೈಪ್ ಹವಳ ಹಾಗೂ ಸಮುದ್ರ ಬೀಸಣಿಗೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿದವು. ಹುಲಿಗಿರುವ ರಕ್ಷಣೆಯೇ ಇವಕ್ಕೂ ಇದೆ. ಅಪರಾಧಕ್ಕೆ ಮೂರರಿಂದ ಏಳು ವರ್ಷ ಜೈಲು, 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ. ಮುಂಬಯಿ ಕರಾವಳಿ ರಸ್ತೆಗಾಗಿ 2020ರ ನವೆಂಬರ್‌ನಲ್ಲಿ ವರ್ಲಿ, ಹಾಜಿ ಅಲಿಗಳ 18 ಹವಳ ಸಮೂಹಗಳನ್ನು ಬೇರೆಡೆಗೆ ಸಾಗಿಸಲು ಮಹಾನಗರಪಾಲಿಕೆಯೂ ಈ ಕಾಯಿದೆಯ ಅಡಿ ಅನುಮತಿ ಪಡೆದು, ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ತಜ್ಞರನ್ನು ಕರೆಸಬೇಕಾಯಿತು. ಹ್ಯಾಮರ್, ಟಾರ್ಚ್, ಅಕ್ರೋಪೊರಾ ಮೂರೂ ಕಲ್ಲುಹವಳಗಳೇ. ವಿದೇಶದಿಂದ ಬಂದದ್ದೆಂದು ಮಾರುವ ಕಲ್ಲುಹವಳಕ್ಕೂ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಪ್ರಕಾರ ಕಾಗದಪತ್ರ ಬೇಕು. ಬಿಲ್ಲಿಲ್ಲದೆ, ಮೂಲ ತಿಳಿಯದೆ ಕೊಂಡದ್ದು ತೊಟ್ಟಿಯಲ್ಲಿ ಎಷ್ಟೇ ಚೆನ್ನಾಗಿ ಬೆಳೆದರೂ ಸಕ್ರಮವಾಗುವುದಿಲ್ಲ.

ಮಶ್ರೂಮ್, ಜೋವಾ, ಲೆದರ್, ಜೀನಿಯಾಗಳು ಆ ಐದು ಗುಂಪುಗಳಿಗೆ ಸೇರಿದವಲ್ಲ. ಅವು ಅಷ್ಟೇನೂ ಪ್ರಖರವಲ್ಲದ ಬೆಳಕಿಗೂ ಒಗ್ಗುತ್ತವೆ, ಕಲ್ಲಿನ ಎಲುಬು ಕಟ್ಟದ್ದರಿಂದ ಆಲ್ಕಲಿನಿಟಿಯನ್ನು ಹೆಚ್ಚು ಕುಡಿಯುವುದಿಲ್ಲ, ಒಂದೆರಡು ಡಿಗ್ರಿಯ ಏರುಪೇರಿಗೆ ಅಕ್ರೋಪೊರಾದಷ್ಟು ಬೇಗ ಸೋಲುವುದಿಲ್ಲ. ಲೆದರ್ ಹವಳವನ್ನು ಚೂಪಾದ ಬ್ಲೇಡಿನಿಂದ ಕತ್ತರಿಸಿ ಕಲ್ಲಿಗೆ ಕಟ್ಟಿದರೆ ಕೆಲವೇ ವಾರಗಳಲ್ಲಿ ಬುಡ ಹಿಡಿಯುತ್ತದೆ. ಕಲ್ಯಾಣ್‌ನ ತೊಟ್ಟಿಯಿಂದ ವಾಶಿಯ ತೊಟ್ಟಿಗೆ ತುಂಡು ಹಂಚುವ ಬರ್ಲಿನ್ ಪದ್ಧತಿ ಇಲ್ಲಿ ಶುರುವಾಗುವುದಾದರೆ ಇವುಗಳಿಂದಲೇ ಆಗಬೇಕು. ಅದಕ್ಕೆ ಬಿಸಿ ಇಳಿದ ಡಿಸೆಂಬರ್–ಜನವರಿ ತಕ್ಕ ತಿಂಗಳು.